ಕರಿಸಿದ್ದ ಊರು ಆರಿಸಿದ್ದು

ಹೂಂ ಅನ್ನೋರು ಹೂಂ ಅಂತಾ ಇರಿ. ಹೂಂ ನಿಂತರೆ ಕತೆ ಎತ್ತಿನ ಹಂಗೆ ಅಲ್ಲೇ ನಿಂತ್ಕೊಳ್ತದೆ.

ಒಬ್ಬಳು ತಾಯಿ, ಚಿಕ್ಕತಾಯಮ್ಮ. ಅವಳಿಗೊಬ್ಬನೇ ಮಗ, ಕರಿಸಿದ್ದ. ಗಂಡ ಇಲ್ಲ, ತೀರಿಕೊಂಡಿದ್ದ. ಮಗ ಆಳೆತ್ತರ ಬೆಳೆದಿದ್ದ. ಮೀಸೆ ಬಂದಿತ್ತು. ಬುದ್ಧಿ ಮಾತ್ರ ಬರೋ ದಾರೀಲಿ ಎಲ್ಲೋ ಕೂತುಬಿಟ್ಟಿತ್ತು.

ಸೋಮಾರಿ ಅಲ್ಲ ಅವನು. ಹೇಳಿದ್ದು ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ಕಷ್ಟ. "ಪಕ್ಕದ ಮನೇಲಿ ಉಪ್ಪು ಕೇಳ್ಕೊಂಡು ಬಾರೋ" ಅಂದರೆ ಹೋಗ್ತಿದ್ದ, ಕೇಳ್ತಿದ್ದ, ಬರ್ತಿದ್ದ. ಉಪ್ಪು ಅಲ್ಲೇ ಇರ್ತಿತ್ತು.

ಪಟ್ಟಣದೊಳಗೆ ಒಂದು ಓಣಿ. ಓಣೀಲಿ ಒಂದು ಹೆಂಚಿನ ಮನೆ. ಚಿಕ್ಕತಾಯಮ್ಮ ಆ ಮನೆ ಜಗಲಿ ಮೇಲೆ ಇಡ್ಲಿ ಬೇಯಿಸಿ ಮಾರ್ತಿದ್ದಳು. ಮನೆ ಅವಳದಲ್ಲ, ಮಾಚಯ್ಯನದು. ಒಂದು ದಿನ ಮಾಚಯ್ಯ ಇಡ್ಲಿ ತಿಂದ. ಕೈ ತೊಳೆದ. ಸೂರು ನೋಡ್ದ.

"ತಾಯಮ್ಮ, ಮಗಳಿಗೊಂದು ಮನೆ ಕಟ್ಟಿಸ್ತಾ ಇದೀನಿ. ಈ ಹೆಂಚು ಬೇಕು ಕಣವ್ವ. ಆಷಾಢ ಹುಟ್ಟೋದ್ರೊಳಗೆ ಖಾಲಿ ಮಾಡು."

"ಮಳೆಗಾಲ ಕಣಪ್ಪ! ನಾನು ನೆನೆಯಲ್ವಾ?"

"ನನ್ನ ಮಗಳೂ ನೆನೀತಾ ಅವಳೆ."

ಆಷಾಢದಲ್ಲಿ ಯಾರೂ ಹೊಸ ಮನೆ ಹೊಗೋದಿಲ್ಲ, ಯಾರೂ ಹಾಲುಕ್ಕಿಸೋದಿಲ್ಲ. ಅಷ್ಟರೊಳಗೆ ಹೊಕ್ಕರೆ ಹೊಕ್ಕಂಗೆ. ಇಲ್ಲಾಂದ್ರೆ ಒಂದು ತಿಂಗಳು ಆಕಾಶವೇ ಸೂರು.

ಆ ಪಟ್ಟಣ ಜನ ಜಾಸ್ತಿಯಾಗಿ ಉಕ್ಕಿ ಆಚೆ ಚೆಲ್ಲಿತ್ತು. ಚೆಲ್ಲಿದ್ದು ಎರಡು ಊರಾಗಿತ್ತು. ತೆಂಕಣ ದಾರಿ ಹಿಡಿದು ಹೋದರೆ ಒಂದು ಕವಲು. ಎಡಕ್ಕೆ ಮೂಡಲಕೊಪ್ಪಲು, ಬಲಕ್ಕೆ ಪಡುವಲಕೊಪ್ಪಲು. ಓಣಿಯೋರೆಲ್ಲ ಸೇರಿ ಬುದ್ಧಿ ಹೇಳಿದರು.

"ಮೂಡಲಿಗೆ ಹೋಗು ತಾಯಮ್ಮ, ನೀರು ಸಿಹಿ."

"ಪಡುವಲಿಗೆ ಹೋಗು ತಾಯಮ್ಮ, ಮನೆ ವಿಶಾಲ."

"ಮೂಡಲೋರು ಜಗಳಗಂಟರು!"

"ಪಡುವಲೋರು ಜಗಳಕ್ಕೂ ಮಾತಾಡಲ್ಲ!"

ಚಿಕ್ಕತಾಯಮ್ಮನಿಗೆ ಮಂಡಿ ನೋವು. ಅದೂ ಅಲ್ಲದೆ ಅವಳು ಅತ್ತ ಹೋದರೆ ಮಾಚಯ್ಯ ಇತ್ತ ಸೂರನ್ನೇ ಇಳಿಸಿಬಿಟ್ಟರೆ? ಅವಳು ಹೆಂಚು ಕಾಯಬೇಕು. ಊರು ನೋಡೋಕೆ ಇರೋನು ಒಬ್ಬನೇ.

"ಲೋ ಸಿದ್ದ, ನೀರು ಗಡುಸಾದ್ರೆ ಬೇಳೆ ಬೇಯಲ್ಲ. ಬೇಳೆ ಬೇಯದಿದ್ರೆ ಸಾಂಬಾರಿಲ್ಲ. ಸಾಂಬಾರಿಲ್ಲದ ಇಡ್ಲೀನ ನಾಯೀನೂ ಮೂಸಲ್ಲ. ಮೂಡಲಕೊಪ್ಪಲಿಗೆ ಹೋಗಿ ಬಾವಿ ನೀರು ಹೆಂಗದೆ ನೋಡ್ಕೊಂಡು ಬಾ."

"ಹೂಂ ಕಣವ್ವ."

ಹೋದ. ಬಾವಿ ಕಟ್ಟೆ ಮೇಲೆ ಕೂತ. ನೀರು ನೋಡ್ದ. ಹೊತ್ತು ಏರಿತು, ನೋಡ್ದ. ಹೊತ್ತು ಇಳೀತು, ನೋಡ್ದ. ನೀರಿಗೆ ಬಂದ ಹೆಂಗಸರು, "ಯಾರೋ ಬೀಳೋಕೆ ಕೂತವ್ನೆ ಕಣ್ರೇ!" ಅಂತ ಬೊಬ್ಬೆ ಹಾಕಿ, ತೋಳು ಹಿಡಿದು ಎಳೆದು ಊರಾಚೆ ಬಿಟ್ಟುಬಂದರು.

"ನೀರು ಹೆಂಗದೋ ಮಗ?"

"ಸುಮ್ನೆ ಅದೆ ಕಣವ್ವ."

"ಸುಮ್ನೆ ಅಂದ್ರೆ?"

"ಕೆಳಗೆ ಅದೆ. ಮೇಲಕ್ಕೆ ಬರ್ತಾನೇ ಇಲ್ಲ. ನಾನು ಅದನ್ನ ನೋಡ್ತಿದ್ದೆ, ಅದು ನನ್ನ ನೋಡ್ತಿತ್ತು."

ಚಿಕ್ಕತಾಯಮ್ಮ ಹಣೆ ಬಡ್ಕೊಂಡಳು. "ಅಯ್ಯೋ ಮಂಕೇ! ಕಣ್ಣಲ್ಲಿ ನೋಡಿದ್ರೆ ಏನು ತಿಳೀತದೋ? ಒಂದು ಹಿಡಿ ಬೇಳೆ ಹಾಕ್ಬೇಕು. ಕೆಳಗೆ ಬೆಂಕಿ ಹಾಕ್ಬೇಕು. ಬೇಯ್ತದೋ ಇಲ್ವೋ ನೋಡ್ಬೇಕು. ಆಗ ಗುಣ ತಿಳೀತದೆ!"

"ಮೊದ್ಲೇ ಹೇಳ್ಬಾರ್ದಾ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾಚಯ್ಯ ಬಂದ. "ಮನೆ ಸಿಕ್ತಾ?" "ಇಲ್ಲ ಕಣಪ್ಪ." ಮಾಚಯ್ಯ ಏಣಿ ಇಟ್ಟ. ಜಗಲಿ ಮೇಲಿನ ಹೆಂಚು ಇಳಿಸ್ದ. ಚಿಕ್ಕತಾಯಮ್ಮ ಇಡ್ಲಿ ಒಲೆ ಎತ್ತಿಕೊಂಡು ಪಡಸಾಲೆಗೆ ಬಂದಳು.

ಮುಂದಿನ ಸಲ ಅಂದಳು, "ಪಡುವಲಕೊಪ್ಪಲಲ್ಲಿ ಒಬ್ಬಳು ಅಜ್ಜಿ ಮನೆ ಬಾಡಿಗೆಗೆ ಕೊಡ್ತಾಳಂತೆ. ಮನೆ ಹೆಂಗದೆ ನೋಡು. ಚೆನ್ನಾಗಿ ನೋಡು. ಬರೀ ಕಣ್ಣಲ್ಲಲ್ಲ!"

"ಹೂಂ ಕಣವ್ವ."

ಹೋದ. ಅಜ್ಜಿ ಒಳ್ಳೆಯವಳು. ಬಾಗಿಲು ತೆಗೆದು, "ಒಳಗೆಲ್ಲ ನೋಡ್ಕೊಳಪ್ಪ, ನಾನು ಹಸೂಗೆ ಹುಲ್ಲು ಹಾಕ್ಬರ್ತೀನಿ" ಅಂತ ಹಿತ್ತಲಿಗೆ ಹೋದಳು. ಬಂದು ನೋಡ್ತಾಳೆ, ನೆಲದ ತುಂಬ ತೊಗರಿಬೇಳೆ. ಜಗಲಿ ಕೆಳಗೆ ಹುಲ್ಲು ಒಟ್ಟವನೆ. ಕಡ್ಡಿ ಗೀರವನೆ. ಬಗ್ಗಿ ಉಫ್ ಉಫ್ ಅಂತ ಊದ್ತಾ ಅವನೆ.

"ಏನ್ಲಾ ಮಾಡ್ತಾ ಇದ್ದೀಯಾ?"

"ಮನೆ ಬೇಯ್ತದಾ ನೋಡ್ತಾ ಇದೀನಿ ಅಜ್ಜಿ."

"ಥೂ ನಿನ್ನ ಮನೆ ಹಾಳಾಗ!"

"ಆಗ್ತಾ ಅದೆ ಅಜ್ಜಿ. ಮಾಚಯ್ಯ ಹೆಂಚು ಇಳಿಸ್ತಾ ಅವ್ನೆ."

ಅಜ್ಜಿ ಕಲಗಚ್ಚಿನ ಬಾನಿ ಎತ್ತಿ ಬೆಂಕಿ ಮೇಲೆ ಅರ್ಧ ಹುಯ್ದಳು, ಸಿದ್ದನ ಮೇಲೆ ಅರ್ಧ ಹುಯ್ದಳು. ಪರಕೆ ಎತ್ತಿಕೊಂಡು ಕವಲಿನವರೆಗೂ ಅಟ್ಟಿಸಿಕೊಂಡು ಬಂದಳು.

ಮಗ ನಾರ್ತಾ ಬಂದ. ಚಿಕ್ಕತಾಯಮ್ಮನಿಗೆ ವಾಸನೆಯಲ್ಲೇ ಅರ್ಧ ಕತೆ ತಿಳೀತು.

"ಮನೆ ನೋಡೋಕೆ ಹೋದೋರು ಬೆಂಕಿ ಹಾಕ್ತಾರೇನೋ? ಹತ್ರ ಹೋಗ್ಬೇಕು. ಬೆರಳು ಮಡಿಚಿ ಟಕ್ ಟಕ್ ಅಂತ ತಟ್ಬೇಕು. ಕಿವಿ ಕೊಟ್ಟು ಕೇಳ್ಬೇಕು. ಟೊಳ್ಳು ಅಂದ್ರೆ ಬಿಡ್ಬೇಕು. ಗಟ್ಟಿ ಅಂದ್ರೆ ಒಪ್ಕೋಬೇಕು. ಅಷ್ಟೇ ಕಣೋ!"

"ಮೊದ್ಲೇ ಹೇಳ್ಬಾರ್ದಾ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾಚಯ್ಯ ಏಣಿ ಇಟ್ಟ. ಪಡಸಾಲೆ ಹೆಂಚು ಇಳಿಸ್ದ. ಚಿಕ್ಕತಾಯಮ್ಮ ಒಲೆ ಎತ್ತಿಕೊಂಡು ನಡುಮನೆಗೆ ಬಂದಳು.

ಇಡ್ಲಿ ತಿನ್ನೋಕೆ ಬಂದೋನೊಬ್ಬ, ಮೂಡಲಕೊಪ್ಪಲ ನೀರಲ್ಲಿ ಬೇಳೆ ಬೆಣ್ಣೆಯಂಗೆ ಬೇಯ್ತದೆ ಅಂದ. ಅವಳ ಮನಸ್ಸು ಮತ್ತೆ ಮೂಡಲಿಗೆ ತಿರುಗ್ತು. "ಸಿದ್ದ, ನೀರು ಸರಿ ಅದಂತೆ. ಜನ ಹೆಂಗವ್ರೆ ಅಂತ ತಿಳ್ಕೊಂಡು ಬಾ. ಮನೆ ಕೆಟ್ಟದಾದ್ರೂ ಬದುಕ್ಬೋದು, ಅಕ್ಕಪಕ್ಕ ಕೆಟ್ಟದಾದ್ರೆ ಬದುಕೋಕಾಗಲ್ಲ."

ಹೋದ. ಅರಳಿಕಟ್ಟೆ ಮೇಲೆ ಊರಿನ ಗಂಡಸರು ಸಾಲಾಗಿ ಕೂತಿದ್ರು. ಸಿದ್ದ ಆ ತುದಿಯಿಂದ ಶುರು ಮಾಡ್ದ. ಮೊದಲನೆಯವನ ತಲೆ ಮೇಲೆ ಟಕ್ ಟಕ್. ಕಿವಿ ಕೊಟ್ಟ. "ಗಟ್ಟಿ." ಎರಡನೆಯವನ ತಲೆ ಮೇಲೆ ಟಕ್ ಟಕ್. "ಇದೂ ಗಟ್ಟಿ." ಅವರು ಏನಾಗ್ತಾ ಅದೆ ಅಂತ ತಿಳ್ಕೊಳ್ಳೋದ್ರೊಳಗೆ ಪಂಚಾಯ್ತಿ ಅಧ್ಯಕ್ಷರ ಬೋಳು ತಲೆ ಹತ್ರ ಬಂದಿದ್ದ. ಟಕ್ ಟಕ್. ತಲೆ ಆಡಿಸ್ದ. ಇನ್ನೊಂದ್ಸಲ ತಟ್ದ.

"ಏನ್ಲಾ ಅದು?" ಅಂತ ಗುಡುಗಿದರು ಅಧ್ಯಕ್ಷರು.

"ಇದನ್ನ ಬಿಟ್ಬಿಡ್ತೀವಿ ಸ್ವಾಮಿ."

ಆಮೇಲೆ ಕಟ್ಟೆಯೋರೆಲ್ಲ ಎದ್ದು, ಅವನ ತಲೆ ಗಟ್ಟಿಯೋ ಟೊಳ್ಳೋ ಅಂತ ಒಬ್ಬೊಬ್ಬರಾಗಿ ತಟ್ಟಿ ನೋಡಿದರು. ಅಧ್ಯಕ್ಷರು ಎರಡು ಸಲ ನೋಡಿದರು.

ಮುಖ ಊದಿಸ್ಕೊಂಡು ಬಂದ ಮಗನ ತಲೆಗೆ ಅರಿಶಿನ ಮೆತ್ತುತ್ತಾ ಬೈದಳು ಚಿಕ್ಕತಾಯಮ್ಮ. "ಜನರನ್ನ ಹಂಗೆ ನೋಡೋದಲ್ಲ ಕಣೋ ನನ್ನಪ್ಪಾ! ಹೋಗ್ಬೇಕು. ಕೈ ಮುಗೀಬೇಕು. ಬಗಲಲ್ಲಿ ಕೂತ್ಕೋಬೇಕು. 'ನಾನು, ನಮ್ಮವ್ವ ನಿಮ್ಮ ಪಕ್ಕದಲ್ಲೇ ಇರೋಕೆ ಬರ್ತೀವಿ. ಒಂದು ಚೂರು ಜಾಗ ಹಿಡಿದಿರಿ' ಅನ್ಬೇಕು. ಆಗ ಯಾರು ಹೊಡೀತಾರೆ?"

"ಮೊದ್ಲೇ ಹೇಳ್ಬಾರ್ದಾ ಅವ್ವ."

ಏಣಿ ಬಂತು. ನಡುಮನೆ ಹೆಂಚು ಹೋಯ್ತು. ಅವಳು ಅಡುಗೆಮನೆ ಸೇರಿದಳು. ಉಳಿದದ್ದು ಅದೊಂದೇ.

"ಹೋಗು, ಪಡುವಲೋರನ್ನೇ ಹಂಗೆ ಕೇಳ್ಕೊಂಡು ಬಾ" ಅಂತ ಅಟ್ಟಿದಳು.

ಸಿದ್ದ ಕವಲಿನವರೆಗೂ ಹೋದ. ಕವಲಲ್ಲಿ ಒಂಟಿ ಮನೆ. ಆ ಊರಿಗೂ ಸೇರಿದ್ದಲ್ಲ, ಈ ಊರಿಗೂ ಸೇರಿದ್ದಲ್ಲ. ಮನೆ ಬೆಟ್ಟಯ್ಯ ಅನ್ನೋನದು. ಅವತ್ತು ಆ ಮನೆ ಮುಂದೆ ಜನವೋ ಜನ. ಬೆಟ್ಟಯ್ಯನ ಹೆಂಡತಿ ತೀರಿಕೊಂಡಿದ್ದಳು. ಮನೆ ಪಕ್ಕದ ತಮ್ಮದೇ ಹೊಲದಲ್ಲಿ ಗುಂಡಿ ತೋಡಿ, ಅವಳನ್ನ ಗುಂಡಿ ಪಕ್ಕ ಮಲಗಿಸಿದ್ರು. ಬಂದೋರೆಲ್ಲ ಅವಳಿಗೇ ಕೈ ಮುಗೀತಿದ್ರು.

ಎಲ್ಲರೂ ಕೈ ಮುಗೀತಾ ಅವ್ರೆ ಅಂದ್ಮೇಲೆ ಇವಳೇ ದೊಡ್ಡೋಳು ಅಂದ್ಕೊಂಡ ಸಿದ್ದ. ಜನರ ನಡುವೆ ನುಗ್ಗಿದ. ಕೈ ಮುಗಿದ. ಅವಳ ಬಗಲಲ್ಲಿ ಕೂತ.

"ತಾಯಿ, ನಾನು, ನಮ್ಮವ್ವ ನಿಮ್ಮ ಪಕ್ಕದಲ್ಲೇ ಇರೋಕೆ ಬರ್ತೀವಿ. ಒಂದು ಚೂರು ಜಾಗ ಹಿಡಿದಿರಿ."

ಅಳ್ತಿದ್ದೋರು ಅಳು ನಿಲ್ಲಿಸಿದರು. "ಏ, ಯಾವನ್ಲಾ ಇವ್ನು! ಎಳೀರ್ಲಾ ಆಚೆಗೆ!" ನಾಕು ಕೈ ಎದ್ದವು.

"ಬಿಡ್ರಪ್ಪಾ" ಅಂದ ಬೆಟ್ಟಯ್ಯ. ಬೆಳಗಿಂದ ಅವನಾಡಿದ ಮೊದಲ ಮಾತು ಅದು. "ಎಲ್ರೂ ಅವಳಿಗೆ ಹೋಗು ಹೋಗು ಅಂತಾ ಇದ್ದೀರಿ. ಅವನೊಬ್ಬ ಬರ್ತೀನಿ ಅಂದ. ಬಿಡಿ."

ಯಾರೂ ಹೊಡೀಲಿಲ್ಲ. ಸಿದ್ದ ಖುಷಿಯಾಗಿ ಬಂದ. "ಅವ್ವಾ, ಹೊಡೀಲಿಲ್ಲ! ಜಾಗ ಕೇಳ್ದೆ!"

"ಏನಂದ್ರೋ?"

"ಏನೂ ಅನ್ಲಿಲ್ಲ. ಮಲಗಿದ್ರು. ಮಣ್ಣು ಮುಚ್ಚಿದ್ರು."

ಚಿಕ್ಕತಾಯಮ್ಮ ಅಲ್ಲೇ ಕುಸಿದು ಕೂತಳು. "ಸತ್ತೋರ ಹತ್ರ ಹಂಗನ್ನಬಾರ್ದು ಕಣೋ ಪಾಪಿ! ಬಿಳೀ ಬಟ್ಟೆ ಹೊದ್ದು ಮಲಗಿದ್ರೆ ತಿಳೀಬಾರ್ದಾ? ಹಾಲು ತುಪ್ಪ ಬಿಡ್ಬೇಕು. 'ನಿಮ್ಮ ಋಣ ತೀರ್ತು, ತಣ್ಣಗೆ ಹೋಗಿ' ಅನ್ಬೇಕು. ಹಿಂತಿರುಗಿ ನೋಡ್ದೆ ಬಂದ್ಬಿಡ್ಬೇಕು!"

"ಮೊದ್ಲೇ ಹೇಳ್ಬಾರ್ದಾ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಇನ್ನು ಮಗನನ್ನ ನಂಬಿದರೆ ಆಗಲ್ಲ ಅಂತ ಚಿಕ್ಕತಾಯಮ್ಮ ಕೂತಲ್ಲೇ ಹತ್ತಾರು ಜನರ ಕೈಯಲ್ಲಿ ಹೇಳಿಕಳಿಸಿ, ಕೊನೆಗೂ ಒಂದು ಮನೆ ಗೊತ್ತು ಮಾಡಿದಳು. ಮೂಡಲಕೊಪ್ಪಲ ಆಚೆ ತುದೀಲಿ. ಆಷಾಢ ಹತ್ರ ಬಂದಿತ್ತು. ಸಿದ್ದನ ಕೈಗೆ ಒಂದು ಚೊಂಬು ಹಾಲು ಕೊಟ್ಟಳು. ದೀಪಕ್ಕೆ ಅಂತ ಒಂದು ಮಿಳ್ಳೆ ತುಪ್ಪ ಕೊಟ್ಟಳು.

"ಕಟ್ಟೆಯೋರ ಕಣ್ಣಿಗೆ ಬೀಳ್ದೆ ಹಿತ್ತಲ ದಾರೀಲಿ ಹೋಗು. ಮನೆ ಯಜಮಾನ್ರು ಬಾಗಿಲಲ್ಲಿ ಕಾಯ್ತಾ ಇರ್ತಾರೆ. ಬೀಗದ ಕೈ ಇಸ್ಕೋ. ಹಾಲು ಅಲ್ಲೇ ಬೇಕಾಗ್ತದೆ, ಚೆಲ್ಲಬೇಡ. ನಾನು ಸಾಮಾನು ಕಟ್ಟಿ ಸಂಜೆಗೆ ಬಂದೆ."

ಯಜಮಾನ್ರು ಕಾದರು. ಕಾದು ಕಾದು ಜೊಂಪು ಹತ್ತಿ, ನೊಣದ ಕಾಟಕ್ಕೆ ಬಿಳೀ ಪಂಚೆ ತಲೆತನಕ ಎಳ್ಕೊಂಡು ಜಗಲಿ ಮೇಲೆ ಮಲಗಿಬಿಟ್ಟರು.

ಸಿದ್ದ ಬಂದ. ನೋಡ್ದ. ಬಿಳೀ ಬಟ್ಟೆ. ಮಲಗವ್ರೆ. ಅಲುಗಾಡ್ತಾ ಇಲ್ಲ. ಅಯ್ಯೋ ಪಾಪ ಅಂದ್ಕೊಂಡ. ಪಂಚೆ ಸರಿಸ್ದ. ಬಾಯಿಗೆ ಹಾಲು ಬಿಟ್ಟ. ಹಣೆಗೆ ತುಪ್ಪ ಬಿಟ್ಟ.

"ನಿಮ್ಮ ಋಣ ತೀರ್ತು ಯಜಮಾನ್ರೆ. ತಣ್ಣಗೆ ಹೋಗಿ."

"ಗ್ಲಳಗ್ಲಳ! ಯಾರದು? ಅಯ್ಯಯ್ಯೋ, ಯಾರ್ಲೇ ಅದು!"

ಸಿದ್ದ ಹಿಂತಿರುಗಿ ನೋಡ್ಲಿಲ್ಲ. ಯಜಮಾನ್ರು ಕೂಗ್ತಾನೇ ಇದ್ರು. ಇವನು ನೋಡ್ಲೇ ಇಲ್ಲ. ಅವ್ವ ಹೇಳವ್ಳೆ.

ಸಂಜೆಗೆ ಮೂಡಲಿಂದ ಸುದ್ದಿ ಬಂತು. ಮನೆಯೂ ಇಲ್ಲ, ಮಣ್ಣೂ ಇಲ್ಲ. ಆ ತಾಯಿ ಮಗ ಊರ ಗಡಿ ತುಳಿಯೋ ಹಂಗಿಲ್ಲ!

ಚಿಕ್ಕತಾಯಮ್ಮ ಈ ಸಲ ಹಣೆ ಬಡ್ಕೊಳ್ಳಲಿಲ್ಲ. ಅತ್ತಳು. ಅತ್ತು ಅತ್ತು ಹೇಳಿದಳು. "ಹಾಲು ಸುರಿಯೋಕೆ ಕೊಟ್ಟಿದ್ನೇನೋ? ಉಕ್ಕಿಸೋಕೆ ಕಣೋ! ಒಲೆ ಹಚ್ಬೇಕು. ಹಾಲಿಡ್ಬೇಕು. ಎಲ್ಲಿ ಹಾಲು ಉಕ್ಕಿ ಚೆಲ್ತದೋ ಅದೇ ನಮ್ಮನೆ. ಚೆಲ್ಲಿದ ಜಾಗದಲ್ಲೇ ಕೂರ್ಬೇಕು. ಏನಾದ್ರೂ ಆಗ್ಲಿ, ಕದಲಬಾರ್ದು!"

"ಮೊದ್ಲೇ ಹೇಳ್ಬಾರ್ದಾ ಅವ್ವ" ಅಂದ. ಅವಳು ಅಳೋದು ನೋಡಿ ಅವನೂ ಅತ್ತ. ಯಾಕೆ ಅಂತ ಗೊತ್ತಿಲ್ಲದೆ ಅತ್ತ.

ಅಡುಗೆಮನೆ ಹೆಂಚೂ ಹೋಯ್ತು. ನಾಳೆ ಬೆಳಗಾದರೆ ಆಷಾಢ. ಚಿಕ್ಕತಾಯಮ್ಮ ನಾಕು ಗೋಡೆ ನಡುವೆ ಕೊಡೆ ಹಿಡಿದು ಕೂತಿದ್ದಳು. "ಹೋಗೋ, ಯಾರದಾದ್ರೂ ಸರಿ, ಒಂದು ಗಾಡಿ ಕರ್ಕೊಂಡು ಬಾ" ಅಂದಳು.

ಸಿದ್ದನಿಗೆ ಹೊಡೀದೆ ಇದ್ದೋನು ಒಬ್ಬನೇ. ಅವನ ಹತ್ರ ಹೋದ. ಬೆಟ್ಟಯ್ಯ ಎತ್ತಿನ ಗಾಡಿ ಹೂಡಿಕೊಂಡು ಬಂದ. ಇಡ್ಲಿ ಪಾತ್ರೆ, ರುಬ್ಬುಗುಂಡು, ಚಾಪೆ, ಇದ್ದಿಲ ಒಲೆ, ಒಂದು ಚೊಂಬು ಹಾಲು, ಎಲ್ಲ ಏರಿಸ್ದ.

"ಯಾವೂರಿಗೆ ತಂಗಿ?"

"ಮೂಡಲಲ್ಲಿ ಮುಖ ತೋರ್ಸೋ ಹಂಗಿಲ್ಲ. ಪಡುವಲಲ್ಲಿ ಪರಕೆ ಕಾಯ್ತಾ ಅದೆ. ನೀನು ಕವಲಿನತನಕ ಹೊಡಿಯಣ್ಣ. ಅಷ್ಟರೊಳಗೆ ಏನಾದ್ರೂ ಹೊಳೀತದೆ."

ಗಾಡಿ ಹೊರಟಿತು. ಬೆಟ್ಟಯ್ಯ ಮುಂದೆ. ಅವನ ಹಿಂದೆ ಚಿಕ್ಕತಾಯಮ್ಮ. ಸಾಮಾನಿನ ಹಿಂದೆ ಸಿದ್ದ. ಏನೂ ಹೊಳೀಲಿಲ್ಲ. ಹೊಗೆ ಬಂತು.

"ಸಿದ್ದ! ಏನೋ ಅದು?"

"ಒಲೆ ಹಚ್ಚಿದೀನಿ ಕಣವ್ವ. ಹಾಲಿಟ್ಟಿದೀನಿ."

"ಗಾಡಿ ಮೇಲಾ? ಗಾಡೀಲಿ ಹುಲ್ಲು ಅದೆ ಕಣೋ! ಆರ್ಸೋ! ಆರ್ಸೋ!"

ಒಂದು ಕಿಡಿ ಹಾರ್ತು. ಎಡದೆತ್ತಿನ ಬೆನ್ನ ಮೇಲೆ ಬಿತ್ತು. ಎತ್ತು ಬಾಲ ಎತ್ತಿ ಓಟ ಕಿತ್ತಿತು ನೋಡಿ! ಇನ್ನೊಂದೂ ಕಿತ್ತಿತು. ಬೆಟ್ಟಯ್ಯ ಹಗ್ಗ ಜಗ್ಗಿದ, "ಹೋ ಹೋ" ಅಂದ. ಎಲ್ಲಿ ಕೇಳ್ತವೆ? ಕವಲು ಬಂತು. ಎಡಕ್ಕೂ ಹೋಗ್ಲಿಲ್ಲ, ಬಲಕ್ಕೂ ಹೋಗ್ಲಿಲ್ಲ. ನೇರವಾಗಿ ತಮ್ಮನೆ ಅಂಗಳಕ್ಕೆ ನುಗ್ಗಿ ಮೇವಿನ ಗೊಂತಿನ ಮುಂದೆ ಗಕ್ಕನೆ ನಿಂತವು. ನಿಂತ ಏಟಿಗೆ ಹಾಲು ಬುಸಬುಸ ಉಕ್ಕಿತು.

"ಉಕ್ತು! ಅವ್ವಾ, ಉಕ್ತು!"

ಚಿಕ್ಕತಾಯಮ್ಮನಿಗೆ ಜೀವ ಬಂದಂಗಾಯ್ತು. ಎಷ್ಟಾದ್ರೂ ಹಾಲು. "ಎತ್ತ ಚೆಲ್ತೋ? ಮೂಡಲಿಗಾ, ಪಡುವಲಿಗಾ?"

"ನನ್ನ ಮೇಲೆ."

ಬೆಟ್ಟಯ್ಯ ಇಳಿದು ಒಲೆ ಆರಿಸ್ದ. ಹೊಲದ ಕಡೆ ನೋಡ್ದ. ಹೊಸ ಮಣ್ಣಿನ ದಿಬ್ಬ ಅಂಗಳದ ಬೇಲಿ ಪಕ್ಕದಲ್ಲೇ ಇತ್ತು. ತುಂಬ ಹೊತ್ತು ನೋಡ್ದ.

"ಜಾಗ ಹಿಡಿದಿರು ಅಂದಿದ್ಯಲ್ಲಪ್ಪ, ನಮ್ಮನೆಯೋಳಿಗೆ" ಅಂದ. "ಹಿಡಿದವಳೆ. ಇಳೀರಿ. ಮುಂದಿನ ಪಡಸಾಲೆ ನಿಮ್ದು. ಹಿಂದಿನ ಕೋಣೆ ನಂಗೆ ಸಾಕು."

ಚಿಕ್ಕತಾಯಮ್ಮನಿಗೆ ನಂಬಿಕೆ ಬರಲೊಲ್ಲದು. ಎರಡೂರಲ್ಲೂ ಏಟು ತಿಂದೋಳು ಮೂರನೇ ಕಡೆ ಹೆಂಗೆ ನಂಬ್ತಾಳೆ? ಮೆಲ್ಲಗೆ ಮಗನ ಕಿವೀಲಿ, "ಲೋ, ಇಳ್ದು ಗೋಡೆ ತಟ್ಟಿ ನೋಡೋ" ಅಂದಳು.

ಸಿದ್ದ ಇಳಿಯೋ ಹಂಗಿಲ್ಲ. ಹಾಲು ಚೆಲ್ಲಿದ್ದು ಗಾಡೀಲಿ. ಕದಲಬಾರ್ದು. ಕೈಗೆ ಸಿಗೋ ಹಂಗೆ ನಿಂತಿದ್ದೋನು ಬೆಟ್ಟಯ್ಯ. ಬಗ್ಗಿ ಅವನ ಎದೆ ಮೇಲೆ ಟಕ್ ಟಕ್ ತಟ್ದ. ಕಿವಿ ಇಟ್ಟ.

"ಟೊಳ್ಳೂ ಅಲ್ಲ, ಗಟ್ಟಿಯೂ ಅಲ್ಲ ಕಣವ್ವ. ಒಳಗೆ ಯಾರೋ ಅವ್ರೆ."

ಬೆಟ್ಟಯ್ಯ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸ್ಕೊಂಡ. ಸಾಮಾನು ಇಳಿಸ್ದ.

ಎಲ್ಲ ಇಳೀತು. ಸಿದ್ದ ಇಳೀಲಿಲ್ಲ.

"ಇಳಿಯೋ!"

"ಇದೇ ನಮ್ಮನೆ ಕಣವ್ವ. ಇಲ್ಲೇ ಚೆಲ್ಲಿದ್ದು."

"ಗಾಡಿ ಕಣೋ ಅದು!"

"ಏನಾದ್ರೂ ಆಗ್ಲಿ ಅಂದಿದ್ಯಲ್ಲ."

ಹೊಡೆದರೂ ಇಳೀಲಿಲ್ಲ. ಬೆಲ್ಲ ತೋರಿಸಿದರೂ ಇಳೀಲಿಲ್ಲ. ಹೊತ್ತು ಮುಳುಗೋಕೆ ಬಂತು. ಆಷಾಢ ಬಾಗಿಲಲ್ಲಿ ನಿಂತಿತ್ತು. ಬೆಟ್ಟಯ್ಯ ಒಳಗೆ ಹೋಗಿ ಹಾರೆ ತಂದ. "ಗಾಡೀನೇ ಒಳಕ್ಕೆ ತಗೊಂಡು ಹೋಗಾಣ ತಂಗಿ. ಈ ಗೋಡೆ ಒಂದು ಕೆಡವಿದ್ರೆ ಸಾಕು."

"ಬೇಡ ಬೇಡ ಬೇಡ ಅಣ್ಣ! ಒಂದು ಮನೆ ಸೂರು ಹೋಗಿದ್ದು ಸಾಲದಾ? ಹಾಲಿದ್ರೆ ಒಂದು ಲೋಟ ಕೊಡು. ಒಳಗಿನ ಒಲೇಲೇ ಉಕ್ಕಿಸ್ತೀನಿ. ಅದನ್ನ ನೋಡಿಯಾದ್ರೂ ಬರ್ಲಿ."

ಬೆಟ್ಟಯ್ಯ ಹಾಲು ತಂದುಕೊಟ್ಟ. ಒಲೆ ತೋರಿಸ್ದ. "ಅವಳು ಹೋದ್ಮೇಲೆ ಹಚ್ಚಿಲ್ಲ" ಅಂದ.

ಚಿಕ್ಕತಾಯಮ್ಮ ಬೂದಿ ತೆಗೆದಳು. ಒಲೆ ಸಾರಿಸಿದಳು. ಕುಂಕುಮ ಇಟ್ಟಳು. ಬೆಂಕಿ ಹಚ್ಚಿದಳು. ಹೊತ್ತು ಮುಳುಗೋದ್ರೊಳಗೆ ಹಾಲು ಉಕ್ಕಿ ಸುರ್ ಅಂತ ಒಲೆ ಮೇಲೆ ಚೆಲ್ಲಿತು. ಚಿಕ್ಕತಾಯಮ್ಮ ಪಾತ್ರೆ ಇಳಿಸಿ ಕೈ ಮುಗಿದಳು.

"ಸಿದ್ದ! ಬಾರೋ! ಇಲ್ಲಿ ಉಕ್ತು ಕಣೋ!"

ಸಿದ್ದ ಗಾಡಿಯಿಂದ ಧುಮುಕ್ದ. ಒಳಕ್ಕೆ ಓಡಿಬಂದ. "ಎಲ್ಲವ್ವ ಚೆಲ್ಲಿದ್ದು?"

"ಇಗೋ, ಒಲೆ ಮೇಲೆ!"

ಹೋಗಿ ಒಲೆ ಮೇಲೆ ಕೂತ.

ಕೂತನಾ? ಕೂತ. ಇದ್ದನಾ? ಅದೊಂದು ಸಲ ಮಾತ್ರ ಅವ್ವನ ಮಾತು ಮೀರಿದ. "ಅವ್ವವ್ವವ್ವಾ!" ಅಂತ ಎಗರಿ, ಬಾಗಿಲು ದಾಟಿ, ಅಂಗಳ ದಾಟಿ, ಎತ್ತು ಕುಡಿಯೋ ಕಲ್ಲುಬಾನಿಯೊಳಗೆ ಕೂತ. ಬಾನಿಯಿಂದ ಹೊಗೆ ಎದ್ದಿತು. ಬೆಟ್ಟಯ್ಯ ನಗೋಕೆ ಶುರು ಮಾಡ್ದ. ಎಷ್ಟು ದಿನದ ನಗುವೋ, ಕಂಬ ಹಿಡ್ಕೊಂಡು ನಕ್ಕ.

ಈಗ ಕವಲಲ್ಲಿ ಇಡ್ಲಿ ಅಂಗಡಿ. ಮೂಡಲೋರೂ ಬರ್ತಾರೆ, ಪಡುವಲೋರೂ ಬರ್ತಾರೆ. ಅಧ್ಯಕ್ಷರೂ ಬರ್ತಾರೆ, ಟೋಪಿ ಹಾಕ್ಕೊಂಡು ಬರ್ತಾರೆ.

ಅವತ್ತು ಚಿಕ್ಕತಾಯಮ್ಮ ಮಗನ ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚುತ್ತಾ ಹೇಳಿದ್ದಳಂತೆ, "ಲೋ ಮಂಕೇ, ಇನ್ಮೇಲೆ ಎಲ್ಲಿ ಹೋದ್ರೂ ಕೆಳಗೆ ನೋಡ್ಕೊಂಡು ಹೋಗೋ." ಮೊದ್ಲೇ ಹೇಳ್ಬಾರ್ದಾ ಅಂದ. ಅವತ್ತಿಂದ ಕೆಳಗೇ ನೋಡ್ಕೊಂಡು ನಡೀತಾನೆ. ಬೆಟ್ಟಯ್ಯನ ಮನೆ ಬಾಗಿಲು ಗಿಡ್ಡ. ದಿನಾ ಬೆಳಿಗ್ಗೆ ಹೊರಗೆ ಬರುವಾಗ ಅವನ ತಲೆ ಬಾಗಿಲಿನ ಮೇಲ್ಪಟ್ಟಿಗೆ ಟಕ್ ಅಂತ ಹೊಡೀತದೆ. ನಿಂತ್ಕೊಳ್ತಾನೆ. ಕಿವಿ ಕೊಡ್ತಾನೆ. ಒಳಗೆ ತಿರುಗಿ ಕೂಗ್ತಾನೆ.

"ಗಟ್ಟಿ ಅದೆ ಕಣವ್ವ! ಒಪ್ಕೊಂಡುಬಿಡಾಣ!"